ಹಾಕಿಸಿದ್ದು, ಹಾಕಿಕೊಳ್ಳುವುದು

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರ ಮನೆಯಲ್ಲಿ ಅದನ್ನು ತೆಗೆಸುವ ದಿನವೆಂದರೆ ಸಣ್ಣದೊಂದು ಹಬ್ಬ. ಒಂದೂವರೆಯೋ ಎರಡೋ ವರ್ಷ ತಿಂಗಳಿಗೊಮ್ಮೆ ತಂತಿ ಬಿಗಿಸಿಕೊಂಡು, ಕೆನ್ನೆಯ ಒಳಗೆಲ್ಲ ಹುಣ್ಣು ಮಾಡಿಕೊಂಡು, ಚಕ್ಕುಲಿ, ಕೋಡುಬಳೆ, ಕಬ್ಬು, ಸೀಬೆಕಾಯಿಗಳನ್ನೆಲ್ಲ ದೂರವಿಟ್ಟು ಕಳೆದ ಮೇಲೆ ಕನ್ನಡಿಯಲ್ಲಿ ಸಾಲಾಗಿ ನಿಂತ ಹಲ್ಲು ಕಾಣುತ್ತದೆ. ನಾಲಿಗೆ ಆ ನುಣುಪನ್ನು ಮತ್ತೆ ಮತ್ತೆ ಸವರಿ ನೋಡುತ್ತದೆ. ‘ಅಂತೂ ಮುಗೀತಲ್ಲ’ ಎಂದು ಜೊತೆಗೆ ಬಂದವರು ಏಳುವ ಹೊತ್ತಿಗೆ ಡಾಕ್ಟರು ಮೇಜಿನ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇಡುತ್ತಾರೆ. ಅದರೊಳಗಿರುವುದು ರಿಟೇನರ್. ಮೊದಲ ಕೆಲವು ತಿಂಗಳು ಊಟ, ತಿಂಡಿ, ಹಲ್ಲುಜ್ಜುವ ಹೊತ್ತು ಬಿಟ್ಟರೆ ಹಗಲೂ ರಾತ್ರಿ ಅದು ಬಾಯಲ್ಲಿರಬೇಕು. ಆಮೇಲೆ ರಾತ್ರಿ ಮಾತ್ರ. ರಾತ್ರಿ ಮಾತ್ರ ಎಂದರೆ ಎಷ್ಟು ವರ್ಷ? ಈ ಪ್ರಶ್ನೆಗೆ ಇವತ್ತು ಬಹಳಷ್ಟು ದಂತವೈದ್ಯರು ಕೊಡುವ ಉತ್ತರ: ಹಲ್ಲು ಹೀಗೇ ಇರಲಿ ಎಂದು ನಿಮಗೆ ಎಷ್ಟು ವರ್ಷ ಅನ್ನಿಸುತ್ತದೋ ಅಷ್ಟು ವರ್ಷ.

ಇದು ವೈದ್ಯರ ಮಾತಿನ ಹಾಗಿಲ್ಲ. ಮಾತ್ರೆಯಾದರೆ ಐದು ದಿನ, ಮೂಳೆ ಮುರಿದರೆ ಆರು ವಾರ ಎಂದು ಲೆಕ್ಕ ಹೇಳುವವರು ಇಲ್ಲಿ ಮಾತ್ರ ಲೆಕ್ಕವನ್ನು ನಮ್ಮ ಬಯಕೆಗೆ ಬಿಟ್ಟುಬಿಡುತ್ತಾರೆ. ನನ್ನನ್ನು ಕಾಡುವುದು ಅದೇ. ಹಲ್ಲು ನೇರವಾಗಲಿ ಎಂದು ಬಯಸಿದವರು ಒಬ್ಬರು, ಅದನ್ನು ನೇರವಾಗಿ ಉಳಿಸಲು ದಿನಾ ರಾತ್ರಿ ಬಾಯಿ ತೆರೆಯಬೇಕಾದವರು ಇನ್ನೊಬ್ಬರಾದರೆ, ಆ ‘ನಿಮಗೆ’ ಎನ್ನುವ ಮಾತು ಯಾರನ್ನು ಕುರಿತದ್ದು? ನಾನು ಆರಿಸದೆಯೇ ನನ್ನ ಪಾಲಿಗೆ ಬಂದದ್ದನ್ನು ಕಾಪಾಡುವ ಹೊಣೆ ನನಗಿದೆಯೇ? ಇದ್ದರೆ ಅದು ಎಲ್ಲಿಂದ ಬಂತು?

ಕನ್ನಡ ಈ ವ್ಯತ್ಯಾಸವನ್ನು ಬಹಳ ಸಲೀಸಾಗಿ ಹೇಳುತ್ತದೆ. ಅಪ್ಪ ಅಮ್ಮ ನನಗೆ ಕ್ಲಿಪ್ ಹಾಕಿಸಿದರು. ರಿಟೇನರನ್ನು ನಾನು ಹಾಕಿಕೊಳ್ಳುತ್ತೇನೆ. ಒಂದರಲ್ಲಿ ‘ಇಸು’, ಇನ್ನೊಂದರಲ್ಲಿ ‘ಕೊಳ್ಳು’. ಮೊದಲನೆಯದರಲ್ಲಿ ಮಾಡಿಸುವವರು ಒಬ್ಬರು, ಮಾಡುವವರು ಇನ್ನೊಬ್ಬರು, ನಾನು ಬರೀ ‘ನನಗೆ’. ಎರಡನೆಯದರಲ್ಲಿ ಮಾಡುವವಳೂ ನಾನೇ, ಫಲ ಬಂದು ಸೇರುವುದೂ ನನಗೇ. ಸ್ವಂತ ಇಚ್ಛೆಯಿಂದ ಹೋಗಿ ‘ಹಾಕಿಸಿಕೊಂಡವರೂ’ ಇದ್ದಾರೆ. ಅವರ ಕ್ರಿಯಾಪದದಲ್ಲಿ ಎರಡೂ ಇವೆ, ಅವರಿಗೆ ಈ ಲೇಖನದ ಪ್ರಶ್ನೆ ಅಷ್ಟಾಗಿ ಏಳಲಿಕ್ಕಿಲ್ಲ.

ನನ್ನದು ಹೀಗೆ. ಎಂ.ಎ. ಮುಗಿದ ವರ್ಷ ಮನೆಯಲ್ಲಿ ಗಂಡು ನೋಡಲು ಶುರುಮಾಡಿದರು. ಬಂದವರಲ್ಲಿ ಒಬ್ಬರು ಕಾಫಿ ಕುಡಿದು ಹೋದ ಮೇಲೆ ಮಧ್ಯಸ್ಥರ ಬಾಯಲ್ಲಿ ಒಂದು ಮಾತು ಹೇಳಿ ಕಳಿಸಿದರು: ಹುಡುಗಿ ಲಕ್ಷಣವಾಗಿದ್ದಾಳೆ, ಉಬ್ಬು ಹಲ್ಲೊಂದು ಇಲ್ಲದಿದ್ದರೆ. ಅಪ್ಪ ಆ ತಿಂಗಳೇ ಚೀಟಿ ಎತ್ತಿ 55 ಸಾವಿರ ರೂಪಾಯಿ ಹೊಂದಿಸಿದರು. ಅಪ್ಪನ ಕಣ್ಣಲ್ಲಿ ಅದು ಮಗಳಿಗೆ ಮಾಡಿದ ಉಪಕಾರ, ಈಗಲೂ ಹಾಗೇ. ನಾನೂ ಜಗಳವಾಡಲಿಲ್ಲ, ಜಗಳವಾಡುವಂಥದ್ದು ಅದು ಎಂದು ಆ ಮನೆಯಲ್ಲಿ ಯಾರಿಗೂ ತೋರುವ ಹಾಗಿರಲಿಲ್ಲ. ಮುಂದಿನ ಹಲ್ಲುಗಳು ಹಿಂದೆ ಸರಿಯಲು ಜಾಗ ಬೇಕೆಂದು ಮೇಲೆ ಎರಡು, ಕೆಳಗೆ ಎರಡು, ಒಟ್ಟು 4 ಗಟ್ಟಿ ಹಲ್ಲುಗಳನ್ನು ಕೀಳಿಸಿದರು. ನೋಡಿ, ಇಲ್ಲಿಯೂ ‘ಇಸು’. ಆ ಸಂಬಂಧ ಕೂಡಿಬರಲಿಲ್ಲ. ಆಮೇಲೆ ಬಂದವೂ ಬೇರೆ ಬೇರೆ ಕಾರಣಕ್ಕೆ ನಿಂತವು. ಈಗ ಪಿಎಚ್.ಡಿ.ಯ ನಾಲ್ಕನೇ ವರ್ಷದಲ್ಲಿರುವ ನನ್ನ ಮುಂದೆ ಆ ಮಾತು ಎತ್ತುವುದನ್ನು ಮನೆಯವರು ಬಹುತೇಕ ಬಿಟ್ಟಿದ್ದಾರೆ. ಯಾವ ಕಾರಣಕ್ಕೆ ಹಲ್ಲು ನೇರವಾಯಿತೋ ಆ ಕಾರಣ ಎದ್ದು ಹೋಗಿದೆ. ಹಲ್ಲು ಉಳಿದಿದೆ, ಡಬ್ಬಿ ಉಳಿದಿದೆ.

ಅಮ್ಮ ಅದನ್ನು ‘ಪ್ಲೇಟು’ ಎನ್ನುತ್ತಾಳೆ. ಫೋನಿನ ಕೊನೆಯ ಮಾತು ವರ್ಷಗಳಿಂದ ಬದಲಾಗಿಲ್ಲ: ‘ಪ್ಲೇಟ್ ಹಾಕ್ಕೊಂಡ್ಯೇನೆ?’

ಹಾಕಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ವಾದದ ಅರ್ಧ ಅಲ್ಲೇ ಇದೆ. ಗೋಡೆಗೆ ಮೊಳೆ ಹೊಡೆದ ಹಾಗೆ ಹಲ್ಲು ದವಡೆಯೊಳಗೆ ನಾಟಿಕೊಂಡಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ಸಣ್ಣ ಸಣ್ಣ ನಾರುಗಳ ಒಂದು ಪದರವಿದೆ. ಹಲ್ಲು ಅದರಲ್ಲಿ ತೂಗುಹಾಕಿದಂತಿರುತ್ತದೆ. ಕ್ಲಿಪ್ಪಿನ ತಂತಿ ಒಂದು ಕಡೆಗೆ ಒತ್ತುತ್ತಿದ್ದರೆ ಆ ಕಡೆಯ ಮೂಳೆ ನಿಧಾನಕ್ಕೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹೀಗೆ ಕರಗುತ್ತ, ಕಟ್ಟುತ್ತ ಹಲ್ಲು ಜಾಗ ಬದಲಿಸುತ್ತದೆ. ತಂತಿ ತೆಗೆದಾಗ ಹೊಸ ಮೂಳೆ ಇನ್ನೂ ಎಳಸು. ಬೇರಿನ ಸುತ್ತಲ ನಾರುಗಳು ಹೊಸ ಜಾಗಕ್ಕೆ ಒಗ್ಗಲು ಮೂರು ನಾಲ್ಕು ತಿಂಗಳು ಬೇಕು. ವಸಡಿನೊಳಗೆ ರಬ್ಬರಿನಂತೆ ಎಳೆಯುವ ನಾರುಗಳಿಗೆ ವರ್ಷವೂ ಸಾಲದು. ಅಷ್ಟು ದಿನ ಅವು ಹಲ್ಲನ್ನು ಹಿಂದಕ್ಕೆ ಜಗ್ಗುತ್ತಲೇ ಇರುತ್ತವೆ. ನಾಲಿಗೆ ಒಳಗಿನಿಂದ ತಳ್ಳುತ್ತದೆ, ತುಟಿ ಹೊರಗಿನಿಂದ. ಈ ಜಗ್ಗಾಟದ ನಡುವೆ ಹಲ್ಲನ್ನು ಹಿಡಿದು ನಿಲ್ಲಿಸುವುದಷ್ಟೇ ರಿಟೇನರಿನ ಕೆಲಸ. ಅದು ಏನನ್ನೂ ಸರಿಪಡಿಸುವುದಿಲ್ಲ.

ನಮ್ಮಲ್ಲಿ ಇದಕ್ಕೊಂದು ಗಾದೆಯೂ ಇದೆ, ಅಷ್ಟೇನೂ ಗೌರವದ್ದಲ್ಲ: ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ. ಬಿದಿರ ಸೀಳು ಕಟ್ಟಿದಷ್ಟು ದಿನ ನೆಟ್ಟಗೆ, ಬಿಚ್ಚಿದೊಡನೆ ಡೊಂಕು. ಗಾದೆಯ ಅಣಕ ದಬ್ಬೆ ಕಟ್ಟುವವನ ಮೇಲೆ. ಸ್ವಭಾವದ ಎದುರು ಹೋರಾಡುವ ಮೂರ್ಖ ಅವನು ಎಂದು. ಡೊಂಕಿನಿಂದ ನಾಯಿಗೆ ಏನು ತೊಂದರೆಯಾಗಿತ್ತು ಎಂದು ಮಾತ್ರ ಆ ಗಾದೆ ಕೇಳುವುದಿಲ್ಲ.

ಆದರೆ ಹಲ್ಲು ನಾಯಿ ಬಾಲದಂತಲ್ಲ ಎಂಬುದಕ್ಕೆ ಆಧಾರವಿದೆ. 1981ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟ್ಲ್ ಮತ್ತು ಸಂಗಡಿಗರು, ನನ್ನ ಹಾಗೇ ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿಕೊಂಡಿದ್ದ 65 ಮಂದಿಯ ಹಲ್ಲುಗಳನ್ನು, ಅವರು ರಿಟೇನರ್ ಬಿಟ್ಟು 10 ವರ್ಷವಾದ ಮೇಲೆ ಅಳೆದರು. ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೆಳ ಮುಂಬಲ್ಲುಗಳು ಒಪ್ಪುವಂಥ ಸಾಲಿನಲ್ಲಿ ಉಳಿದಿರಲಿಲ್ಲ. ಯಾರ ಹಲ್ಲು ಸರಿಯುತ್ತದೆ, ಯಾರದು ನಿಲ್ಲುತ್ತದೆ ಎಂದು ಮುಂಚೆಯೇ ಹೇಳಬಲ್ಲ ಯಾವ ಗುರುತೂ ಅವರಿಗೆ ಸಿಗಲಿಲ್ಲ. ಇನ್ನೊಂದು ಸಂಗತಿಯೂ ದಂತವೈದ್ಯರಿಗೆ ಚೆನ್ನಾಗಿ ಗೊತ್ತು: ಕ್ಲಿಪ್ಪಿನ ಮುಖವನ್ನೇ ನೋಡದವರ ಕೆಳ ಮುಂಬಲ್ಲುಗಳೂ ವಯಸ್ಸಾದಂತೆ ಒತ್ತೊತ್ತಾಗುತ್ತವೆ. ಅಂದರೆ ಹಲ್ಲಿಗೆ ಮರಳಿ ಹೋಗಲು ಒಂದು ತವರಿಲ್ಲ. ಅದು ಹೋಗುತ್ತಲೇ ಇರುತ್ತದೆ. ಮುಟ್ಟದೆ ಬಿಟ್ಟರೂ ಇಪ್ಪತ್ತರ ಹಲ್ಲಿನ ಸಾಲು ಐವತ್ತಕ್ಕೆ ಇರುವುದಿಲ್ಲ.

ಈ ಮಾತು ನನಗೆ ಬೇಕಾದದ್ದು ಗೆಳತಿಯೊಬ್ಬಳ ಜೊತೆ ನಡೆದ ವಾಗ್ವಾದದಲ್ಲಿ. ಅದಕ್ಕೆ ಮೊದಲು ತೊಳೆಯುವ ವಿಷಯ.

ನನ್ನ ಮೇಲ್ದವಡೆಯದು ಹಳೇ ಬಗೆಯ ರಿಟೇನರ್: ಅಂಗುಳಕ್ಕೆ ಅಂಟಿ ಕೂರುವ ಗುಲಾಬಿ ಬಣ್ಣದ ಅಕ್ರಿಲಿಕ್ ಪ್ಲೇಟು, ಮುಂಬಲ್ಲುಗಳ ಮೇಲೆ ಹಾದು ಹೋಗುವ ತಂತಿ. ಸುಮಾರು ನೂರು ವರ್ಷಗಳ ಹಿಂದೆ ಇದನ್ನು ರೂಪಿಸಿದ ಅಮೆರಿಕದ ದಂತವೈದ್ಯ ಚಾರ್ಲ್ಸ್ ಹಾಲಿಯ ಹೆಸರೇ ಇದಕ್ಕೆ ನಿಂತಿದೆ. ಹಾಲಿ ಹಲ್ಲುಗಳು ಮಾಜಿಯಾಗದಂತೆ ನೋಡಿಕೊಳ್ಳುವ ಸಾಧನಕ್ಕೆ ಹಾಲಿ ರಿಟೇನರ್ ಎಂಬ ಹೆಸರು ಕನ್ನಡದವರಿಗೆ ಮಾತ್ರ ನಗು ತರಿಸುವಂಥದ್ದು. ಕೆಳಗೆ ಮುಂಬಲ್ಲುಗಳ ಹಿಂದೆ ಸಣ್ಣ ತಂತಿಯೊಂದನ್ನು ಅಂಟಿಸಿಬಿಟ್ಟಿದ್ದಾರೆ. ಅದನ್ನು ತೆಗೆಯುವ ಹಾಗಿಲ್ಲ, ಅದರ ಅಡಿಯಲ್ಲಿ ದಾರ ತೂರಿಸಿ ಎಳೆದು ಪಾಚಿ ಕಟ್ಟದಂತೆ ನೋಡಿಕೊಳ್ಳಬೇಕು. ಪ್ಲೇಟು ಹೊಸದಾಗಿದ್ದಾಗ ಮಾತೇ ತಡವರಿಸುತ್ತಿತ್ತು. ‘ಟ’, ‘ಣ’, ‘ಳ’ಗಳಿಗೆ ನಾಲಿಗೆ ಮಡಚಿ ಮೇಲೆ ಹೋದರೆ ಅಲ್ಲಿ ಅಂಗುಳದ ಬದಲು ಪ್ಲಾಸ್ಟಿಕ್. ‘ಸ’ಕಾರ ಸೀಟಿಯಾಗಿ ಹೊರಬರುತ್ತಿತ್ತು. ಸೆಮಿನಾರಿನಲ್ಲಿ ‘ಶಾಸನಗಳಲ್ಲಿ’ ಎನ್ನುವಾಗ ಮುಂದಿನ ಸಾಲಿನ ಹುಡುಗರು ನಗು ತಡೆದುಕೊಂಡದ್ದು ನೆನಪಿದೆ.

ಬೆಳಿಗ್ಗೆ ತೆಗೆದೊಡನೆ ತಣ್ಣೀರಿನಲ್ಲಿ ತೊಳೆಯಬೇಕು. ಬಿಟ್ಟರೆ ಜೊಲ್ಲು ಒಣಗಿ ಬಿಳಿ ಪದರವಾಗುತ್ತದೆ, ದಿನ ಕಳೆದಂತೆ ಕಲ್ಲಾಗುತ್ತದೆ. ಬಿಸಿನೀರು ತಾಗಿಸಬಾರದು, ಆಕಾರ ಕೆಟ್ಟರೆ ಕೂರುವುದಿಲ್ಲ. ಟೂತ್‌ಪೇಸ್ಟ್ ಬೇಡ, ಅದರಲ್ಲಿರುವ ಸಣ್ಣ ಕಣಗಳು ಪ್ಲಾಸ್ಟಿಕನ್ನು ಗೀಚುತ್ತವೆ, ಗೀಚಿದ ಗೆರೆಯಲ್ಲಿ ಕೊಳೆ ಕೂರುತ್ತದೆ. ಮೆತ್ತನೆಯ ಬೇರೆ ಬ್ರಷ್ಷು, ಒಂದು ಹನಿ ಸೋಪು, ಚೆನ್ನಾಗಿ ಜಾಲಿಸುವುದು. ಜಾಲಿಸದಿದ್ದರೆ ರಾತ್ರಿಯಿಡೀ ಬಾಯಲ್ಲಿ ಸೋಪಿನ ರುಚಿ. ವಾರಕ್ಕೊಮ್ಮೆ ಒಂದು ಲೋಟ ನೀರಿಗೆ ಹಾಕಿದರೆ ಬುಸ್ಸೆಂದು ಕರಗುವ ಮಾತ್ರೆಯಲ್ಲಿ ನೆನೆಸುತ್ತೇನೆ. ಅದು ನಿಜವಾಗಿ ಹಲ್ಲಿನ ಸೆಟ್ ಕಟ್ಟಿಸಿಕೊಂಡ ಮುದುಕರಿಗೆಂದು ಮಾರುವಂಥದ್ದು. ಮೆಡಿಕಲ್ ಸ್ಟೋರಿನವರು ‘ಅಜ್ಜಿಗಾ ಮೇಡಂ?’ ಎನ್ನುತ್ತಾರೆ, ನಾನು ಹೂಂ ಎನ್ನುತ್ತೇನೆ. ಇಡುವ ಡಬ್ಬಿಗೆ ಗಾಳಿಯಾಡುವ ತೂತುಗಳಿರಬೇಕು. ಅರಿಸಿನದ ಊಟಕ್ಕೆ ಮುಂಚೆ ತೆಗೆಯಲೇಬೇಕು. ಒಂದು ಸಾರನ್ನ ಸಾಕು, ಹಳದಿ ಹಿಡಿದರೆ ಹೋಗುವುದಿಲ್ಲ. ಇಷ್ಟೆಲ್ಲ ಮಾಡಿ ಮುಗಿಸಿದಾಗ ಹೊಸದಾಗಿ ಏನೂ ಆಗಿರುವುದಿಲ್ಲ. ನಿನ್ನೆ ಹೇಗಿತ್ತೋ ಹಾಗೇ ಇದೆ. ಅದೇ ಯಶಸ್ಸು.

ಊರಿನ ಮನೆಯಲ್ಲಿ ಇದನ್ನು ಅಡುಗೆಮನೆಯ ಸಿಂಕಿನ ಹತ್ತಿರ ತರುವ ಹಾಗಿಲ್ಲ. ಎಂಜಲು. ಎಲ್ಲ ಎಂಜಲಿಗಿಂತ ಗಟ್ಟಿ ಎಂಜಲು, ಏಕೆಂದರೆ ಇದು ಬಾಯಿ ಮುಟ್ಟಿದ ವಸ್ತುವಲ್ಲ, ಬಾಯಲ್ಲೇ ವಾಸಿಸುವ ವಸ್ತು. ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಾಗ ಅದನ್ನು ತೆಗೆಯುವುದು ಹೇಗೆ, ತೆಗೆದ ಕೈಯಲ್ಲೇ ಉಣ್ಣುವುದು ಹೇಗೆ ಎಂಬುದು ಸಣ್ಣ ಧರ್ಮಸಂಕಟವಲ್ಲ. ಕೈತೊಳೆಯುವ ಕಡೆ ಹೋಗಿ, ಗೋಡೆಗೆ ಮುಖ ಮಾಡಿ, ಡಬ್ಬಿಗೆ ಹಾಕಿ ಬರುತ್ತೇವೆ. ಆದರೆ ಈ ಎಂಜಲಿಗೆ ಒಂದು ವಿಶೇಷವಿದೆ: ಇದನ್ನು ಬೇರೆಯವರಿಗೆ ದಾಟಿಸಲಾಗದು. ನಾವು ಉಂಡ ತಟ್ಟೆಯನ್ನು ಮನೆಯಲ್ಲಿ ಅಮ್ಮನೋ ಕೆಲಸದವರೋ ತೊಳೆಯುತ್ತಾರೆ, ಹಾಸ್ಟೆಲಿನಲ್ಲಿ ಮೆಸ್ಸಿನ ಅಕ್ಕಂದಿರು. ರಿಟೇನರನ್ನು ಮಾತ್ರ ಯಾರ ಮುಂದೆಯೂ ಚಾಚಲಾಗುವುದಿಲ್ಲ.

ದಾಟಿಸಲಾಗದು ಎಂದೆ. ಒಮ್ಮೆ ದಾಟಿತು. ಹಾಸ್ಟೆಲಿನ ಗೆಳತಿಯೊಬ್ಬಳು ಊಟಕ್ಕೆ ಕೂತಾಗ ತನ್ನ ರಿಟೇನರನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ತಟ್ಟೆಯ ಅಂಚಿನಲ್ಲಿಟ್ಟಿದ್ದಳು. ರಿಟೇನರ್ ಹಾಕುವವರ ಲೋಕದಲ್ಲಿ ಇದು ತೀರಾ ಸಾಮಾನ್ಯವಾದ ದುರಂತ: ತಟ್ಟೆಯ ಜೊತೆ ಕಾಗದವೂ ಹೋಗುತ್ತದೆ. ಅವಳಿಗೆ ನೆನಪಾಗುವ ಹೊತ್ತಿಗೆ ಅನ್ನ, ಸಾಂಬಾರು, ಮೊಸರು, ಕರಿಬೇವಿನ ಡ್ರಮ್ಮು ಅರ್ಧ ತುಂಬಿತ್ತು. ನಾವು ನಾಲ್ಕೈದು ಜನ ಸುತ್ತ ನಿಂತು ಇಣುಕುತ್ತಿದ್ದೆವು. ಮೆಸ್ಸಿನ ಅಕ್ಕ ಬಂದು, ಏನು ಎಂದು ಕೇಳಿ, ಸೆರಗು ಸಿಕ್ಕಿಸಿಕೊಂಡು ಮೊಣಕೈವರೆಗೆ ಕೈ ಹಾಕಿದರು. ಹತ್ತು ನಿಮಿಷದ ಮೇಲೆ ಸಿಕ್ಕಿತು. ನಲ್ಲಿಯಲ್ಲಿ ತೊಳೆದು, ಬೆಳಕಿಗೆ ಹಿಡಿದು, ‘ಇದೇನವ್ವ, ಹಲ್ಲಾ?’ ಎಂದರು.

ಅಮೆರಿಕದ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕಲೀಸ್ 1969ರಲ್ಲಿ, ಮಗುವನ್ನು ಹೆತ್ತು ದಿನವಿಡೀ ಒರೆಸುವ ತೊಳೆಯುವ ಕೆಲಸದಲ್ಲಿ ಮುಳುಗಿದ್ದಾಗ, ಒಂದು ಪ್ರಣಾಳಿಕೆ ಬರೆದಳು. ಹೊಸದನ್ನು ಹುಟ್ಟಿಸುವುದು ಮಾತ್ರ ಕಲೆಯಲ್ಲ, ಇದ್ದದ್ದನ್ನು ಇರುವಂತೆ ನೋಡಿಕೊಳ್ಳುವ ಈ ಕೆಲಸವೂ ಕಲೆಯೇ ಎಂಬುದು ಅದರ ತಿರುಳು. ಹತ್ತು ವರ್ಷದ ಮೇಲೆ, 1979ರಿಂದ ಮುಂದಕ್ಕೆ, ನ್ಯೂಯಾರ್ಕ್ ನಗರದ ಸುಮಾರು 8,500 ಪೌರಕಾರ್ಮಿಕರ ಕೈಯನ್ನು ಒಬ್ಬೊಬ್ಬರಾಗಿ ಕುಲುಕಿ ಧನ್ಯವಾದ ಹೇಳಿದಳು. ತರಗತಿಯಲ್ಲಿ ಇದನ್ನು ಓದಿದಾಗ ನನಗೆ ಇಷ್ಟವಾಗಿತ್ತು, ಈಗಲೂ ಇಷ್ಟವೇ. ಆದರೆ ಡ್ರಮ್ಮಿನಿಂದ ಹೊರಬಂದ ಆ ಕೈಯನ್ನು ಅವತ್ತು ನಮ್ಮಲ್ಲಿ ಯಾರೂ ಕುಲುಕಲಿಲ್ಲ. ‘ಥ್ಯಾಂಕ್ಸ್ ಅಕ್ಕಾ’ ಎಂದು ರಿಟೇನರನ್ನು ಕಾಗದದಲ್ಲಿ ಇಸಿದುಕೊಂಡೆವು. ಕಾಪಾಡುವುದು ದೊಡ್ಡದು ಎನ್ನುವ ಬರಹಗಳೆಲ್ಲ ಕಾಪಾಡುವ ಕೆಲಸ ಯಾರ ಪಾಲಿಗೆ ಬರುತ್ತದೆ ಎಂಬಲ್ಲಿ ಸ್ವಲ್ಪ ಮೆತ್ತಗಾಗುತ್ತವೆ.

ಆ ಗೆಳತಿ ಅದನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಅಸಹ್ಯಕ್ಕಲ್ಲ, ಮಾತ್ರೆಯಲ್ಲಿ ಎರಡು ಸಲ ನೆನೆಸಿಯೂ ಆಗಿತ್ತು. ಮುಂಚಿನಿಂದಲೇ ಬಿಡಬೇಕೆಂದಿದ್ದೆ ಎಂದಳು. ಅವಳ ವಾದ ಸರಳ: ‘ನನ್ನ ಹಲ್ಲು ಹೆಂಗಿತ್ತೋ ಹಂಗೆ ಆಗ್ಲಿ ಬಿಡು. ಅವೇ ನನ್ನ ನಿಜವಾದ ಹಲ್ಲು. ಇವು ಯಾರಿಗೋ ತೋರ್ಸೋಕೆ ಮಾಡಿಸಿದ್ದು.’ ಎರಡನೆಯ ಮಾತನ್ನು ನಾನು ಒಪ್ಪುತ್ತೇನೆ. ಮೊದಲನೆಯದನ್ನು ಒಪ್ಪುವುದಿಲ್ಲ. ಹಲ್ಲು ತಾನಾಗಿಯೇ ಜೀವನಪೂರ್ತಿ ಸರಿಯುವುದಾದರೆ ನಿಜವಾದ ಜಾಗ ಎಂಬುದು ಯಾವುದು? ಹದಿನೆಂಟರದ್ದೇ, ನಲವತ್ತರದ್ದೇ? ನನ್ನ ವಿಷಯದಲ್ಲಂತೂ 4 ಹಲ್ಲು ಹೋಗಿಯೇ ಹೋಗಿದೆ. ಬಿಟ್ಟರೆ ಬರುವುದು ಹಳೆಯ ಬಾಯಲ್ಲ, ಮೂರನೆಯದೊಂದು. ನಮ್ಮ ಮೇಲೆ ಬೇರೆಯವರು ಮಾಡಿದ್ದನ್ನೆಲ್ಲ ಕಳಚಿದರೆ ಅಡಿಯಲ್ಲಿ ಮುಟ್ಟದ ನಾವು ಸಿಗುತ್ತೇವೆ ಎಂಬ ನಂಬಿಕೆ ನಮ್ಮ ತಲೆಮಾರಿನಲ್ಲಿ ಬಹಳ ಜನಕ್ಕಿದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಹೆಸರು, ಭಾಷೆ, ಅನ್ನ ಕಲಸುವ ರೀತಿ, ಇವೆಲ್ಲ ಯಾರೋ ಹಾಕಿಸಿದ್ದೇ.

ಹಾಗೆಂದು ಹಾಕಿಸಿದ್ದನ್ನೆಲ್ಲ ಉಳಿಸಿಕೊಳ್ಳಬೇಕೇ? ಇಲ್ಲಿ ನಾನು ದಿನಾ ಓದುವ ಶಾಸನಗಳು ಅಡ್ಡ ಬರುತ್ತವೆ. ಬಿ.ಎಲ್. ರೈಸ್ 1886ರಲ್ಲಿ ಹೊರತರಲು ಶುರುಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಯಾವ ಸಂಪುಟವನ್ನೇ ತೆರೆಯಿರಿ, ದತ್ತಿ ಶಾಸನಗಳ ಕೊನೆಯಲ್ಲಿ ಕೆಲವೇ ಶ್ಲೋಕಗಳು ಮತ್ತೆ ಮತ್ತೆ ಎದುರಾಗುತ್ತವೆ. ಮೇಲಿನದೆಲ್ಲ ಕನ್ನಡದಲ್ಲಿದ್ದರೂ ಇವು ಸಂಸ್ಕೃತದಲ್ಲಿ, ಎಷ್ಟೋ ಸಲ ಕೆತ್ತಿದವನ ಕೈತಪ್ಪುಗಳೊಂದಿಗೆ. ಒಂದರ ತಾತ್ಪರ್ಯ, ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದೇ ಹೆಚ್ಚು ಎಂದು. ಇನ್ನೊಂದು ಅದಕ್ಕಿಂತ ಮುಂದೆ ಹೋಗುತ್ತದೆ: ತಾನು ಕೊಟ್ಟದ್ದಕ್ಕಿಂತ ಬೇರೆಯವರು ಕೊಟ್ಟದ್ದನ್ನು ಕಾಪಾಡಿದರೆ ಪುಣ್ಯ ಇಮ್ಮಡಿ. ಕಿತ್ತುಕೊಂಡವನಿಗೆ 60,000 ವರ್ಷ ಹೇಸಿಗೆಯಲ್ಲಿ ಹುಳುವಾಗುವ ಶಾಪ; ಕನ್ನಡದ ಸಾಲುಗಳಲ್ಲಾದರೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಕಾರಣ ಊಹಿಸುವುದು ಕಷ್ಟವಲ್ಲ. ಕೊಡುವ ರಾಜ ಸಾಯುತ್ತಾನೆ, ವಂಶ ಬದಲಾಗುತ್ತದೆ. ಕೆರೆಗೆ ಬಿಟ್ಟ ಭೂಮಿ, ದೇವರ ದೀಪಕ್ಕೆ ಬಿಟ್ಟ ಎಣ್ಣೆ ಮುಂದುವರಿಯಬೇಕಾದರೆ ಇನ್ನೂ ಹುಟ್ಟದ, ಈ ದತ್ತಿಯಲ್ಲಿ ಯಾವ ಪಾಲೂ ಇಲ್ಲದ ಒಬ್ಬ ದೊರೆಯ ಮನಸ್ಸು ಒಲಿಯಬೇಕು. ಅವನಿಗೆ ಆಸೆಯನ್ನೂ ತೋರಿಸಿದ್ದಾರೆ, ಹೆದರಿಕೆಯನ್ನೂ ಹಾಕಿದ್ದಾರೆ.

ಮೊದಲು ಓದಿದಾಗ ಇದು ನನ್ನ ಪ್ರಶ್ನೆಗೇ ಬರೆದ ಉತ್ತರ ಎನ್ನಿಸಿತ್ತು. ಪರರು ಕೊಟ್ಟದ್ದನ್ನು ಕಾಪಾಡಿದರೆ ಇಮ್ಮಡಿ! ಅಮ್ಮನ ಫೋನಿಗೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕೇ? ಆದರೆ ಕಲ್ಲಿನ ಮೇಲ್ಭಾಗವನ್ನೂ ಓದಬೇಕಲ್ಲ. ಅಲ್ಲಿ ಕೊಟ್ಟವನ ಬಿರುದು, ಪಡೆದವರ ಗೋತ್ರ, ಭೂಮಿಯ ನಾಲ್ಕು ಎಲ್ಲೆ, ಬಿಟ್ಟ ತೆರಿಗೆಗಳ ಪಟ್ಟಿ ಎಲ್ಲ ಇರುತ್ತದೆ. ಗಾವುಂಡರೂ ಪ್ರಜೆಗಳೂ ಸೇರಿ ಬಿಟ್ಟ ದತ್ತಿಗಳೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಬಹಳಷ್ಟು ರಾಜದತ್ತಿಗಳಲ್ಲಿ, ಇಡೀ ಊರನ್ನೇ ಧಾರೆಯೆರೆದು ಕೊಟ್ಟಾಗ, ಆ ನೆಲದಲ್ಲಿ ಉಳುತ್ತಿದ್ದವರು ಏನೆಂದರು ಎಂಬುದಕ್ಕೆ ಒಂದು ಸಾಲೂ ಇಲ್ಲ. ಮುಂದೆ ನೂರಾರು ವರ್ಷ ಆ ದತ್ತಿಯನ್ನು ನಿಜವಾಗಿ ನಡೆಸಿದವರು, ಬೆಳೆದು ಅಳೆದು ಕೊಟ್ಟವರು, ಅವರೇ. ಪುಣ್ಯ ಇಮ್ಮಡಿಯಾದದ್ದು ತಡೆಯದೆ ಸುಮ್ಮನಿದ್ದ ರಾಜನಿಗೆ. ಕಾಪಾಡು ಎನ್ನುವ ಶ್ಲೋಕ ಏನನ್ನು ಕಾಪಾಡು ಎಂದು ನೋಡುವುದಿಲ್ಲ; ಕೆರೆಗೂ ಅದೇ ಶ್ಲೋಕ, ಅನ್ಯಾಯದ ದಾನಕ್ಕೂ ಅದೇ. ನಮ್ಮಲ್ಲಿ ಅತ್ಯಂತ ಶ್ರದ್ಧೆಯಿಂದ, ತಲೆಮಾರು ತಪ್ಪದೆ, ಹೊಸದಾಗಿ ತೊಳೆದು ಉಳಿಸಿಕೊಂಡು ಬಂದಿರುವ ವಸ್ತು ಜಾತಿ. ಆದ್ದರಿಂದ ಕಾಪಾಡುವುದೇ ಒಂದು ಗುಣ ಎಂದು ನಾನು ಹೇಳಲಾರೆ.

ಹಾಗಾದರೆ ನಾನೇಕೆ ಇನ್ನೂ ಹಾಕಿಕೊಳ್ಳುತ್ತೇನೆ? ಅಪ್ಪನ ಚೀಟಿಯ ದುಡ್ಡಿನ ಋಣಕ್ಕೆ ಎನ್ನಬಹುದು. ಆದರೆ ದುಡ್ಡು ಹೋದದ್ದು ಹೋಯಿತು, ನಾನು ಹಾಕಿಕೊಂಡರೂ ಬಿಟ್ಟರೂ ಅದು ಮರಳುವುದಿಲ್ಲ. ಚಂದಕ್ಕೆ ಎಂದರೆ ಪೂರ್ತಿ ಸುಳ್ಳಾಗದು, ಪೂರ್ತಿ ನಿಜವೂ ಅಲ್ಲ. ಒತ್ತೊತ್ತಾದ ಹಲ್ಲುಗಳ ಸಂದಿಯನ್ನು ಶುಚಿ ಮಾಡುವುದು ಕಷ್ಟ, ತುಟಿ ಈಗ ಸುಲಭವಾಗಿ ಮುಚ್ಚುತ್ತದೆ. ಇವು ನನಗೆ ಬೇಕಾದ ಸಂಗತಿಗಳು, ಗಂಡು ನೋಡಲು ಬಂದವರಿಗೆ ಇವುಗಳ ಗೊಡವೆಯೇ ಇರಲಿಲ್ಲ. ಒಂದು ಕೆಟ್ಟ ಕಾರಣಕ್ಕೆ ಬಂದ ವಸ್ತುವಿಗೆ ಬೇರೆ ಕಾರಣ ಹುಡುಕಿಕೊಳ್ಳುವುದು ಸೋಲಿನ ಸಮರ್ಥನೆ ಎಂದು ಗೆಳತಿ ಹೇಳುತ್ತಾಳೆ. ಇರಬಹುದು. ಆದರೆ ಹುಟ್ಟಿದ ಕಾರಣವನ್ನೇ ವಸ್ತುವಿನ ಅರ್ಥವೆಂದು ಕೊನೆತನಕ ಎಣಿಸುವುದಾದರೆ, ನನ್ನ ಬಾಯನ್ನು ಆ ಕಾಫಿ ಕುಡಿದು ಹೋದವರ ಸ್ವತ್ತೆಂದೇ ಒಪ್ಪಿಕೊಂಡಂತಾಗುತ್ತದೆ. ಅವಳು ಬಿಟ್ಟದ್ದೂ ಅವರಿಗಾಗಿ, ನಾನು ಇಟ್ಟುಕೊಂಡದ್ದೂ ಅವರಿಗಾಗಿ ಎಂದಾದರೆ ನಮ್ಮಿಬ್ಬರಿಗೂ ಉಳಿದದ್ದೇನು? ಬಿಡಬಹುದು ಎಂಬುದು ನನಗೆ ಗೊತ್ತು, ಬಿಟ್ಟರೆ ಏನಾಗುತ್ತದೆ ಎಂಬುದೂ ಗೊತ್ತು. ಗೊತ್ತಿದ್ದು ಹಾಕಿಕೊಳ್ಳುವ ರಾತ್ರಿಗಳೂ ಇವೆ, ಬರೀ ಅಭ್ಯಾಸಬಲದಿಂದ ಹಾಕಿಕೊಳ್ಳುವ ರಾತ್ರಿಗಳೂ ಇವೆ. ಎರಡನೆಯವೇ ಹೆಚ್ಚು.

ಇದನ್ನೆಲ್ಲ ಈಗ ಬರೆಯಲು ಒಂದು ಕಾರಣವಿದೆ. ಚಿಕ್ಕಮ್ಮನ ಮಗಳಿಗೆ ಹದಿನೈದು ವರ್ಷ. ಅವಳ ಕೋರೆಹಲ್ಲೊಂದು ಮೇಲೆ ಎದ್ದು ಬಂದಿದೆ. ಕ್ಲಿಪ್ ಹಾಕಿಸಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ, ಹುಡುಗಿ ಬೇಡವೆನ್ನುತ್ತಿದ್ದಾಳೆ. ‘ನೀನು ಹಾಕಿಸ್ಕೊಂಡಿದ್ದೀಯಲ್ಲ, ನೀನೇ ಒಂದ್ಮಾತು ಹೇಳು ಅವಳಿಗೆ’ ಎಂದು ಚಿಕ್ಕಮ್ಮ ನನಗೆ ಒಪ್ಪಿಸಿದರು. ನಾನು ಒಪ್ಪಿಸುವ ಮಾತು ಆಡಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕ್ಲಿಪ್ಪಿನ ವಿಷಯ ಬರುವಾಗ ಎಲ್ಲರೂ ಆ ಒಂದೂವರೆ ವರ್ಷದ ನೋವು, ಖರ್ಚು, ಶಾಲೆಯಲ್ಲಿ ನಗುವವರ ಬಗ್ಗೆ ಮಾತಾಡುತ್ತಾರೆ. ಅದಾದ ಮೇಲಿನ ರಾತ್ರಿಗಳ ಬಗ್ಗೆ ಯಾರೂ ಹೇಳುವುದಿಲ್ಲ, ಏಕೆಂದರೆ ಆ ರಾತ್ರಿಗಳು ತೀರ್ಮಾನ ಮಾಡುವವರದ್ದಲ್ಲ. ಅಣೆಕಟ್ಟು, ಪ್ರತಿಮೆ, ಊರಿನ ಹೊಸ ದೇವಸ್ಥಾನ, ಎಲ್ಲದರಲ್ಲೂ ಹೀಗೇ: ಕಟ್ಟಿಸುವ ದಿನ ಕುರ್ಚಿಯಲ್ಲಿ ಕೂತವರು ಒಬ್ಬರು, ಆಮೇಲೆ ಗುಡಿಸುವವರು ಒಬ್ಬರು. ಯಾರು ಮುಂದೆ ನೋಡಿಕೊಳ್ಳಬೇಕೋ ಅವರನ್ನು ಮೊದಲು ಕೇಳಬೇಕು ಎಂಬುದು ನನಗೆ ಈಗ ಸಾಕಷ್ಟು ಗಟ್ಟಿಯಾಗಿ ಅನ್ನಿಸುತ್ತದೆ. ಹದಿನೈದು ವರ್ಷದವಳನ್ನು ಏನು ಕೇಳುವುದು ಎನ್ನುತ್ತಾರೆ. ಹದಿನೈದು ವರ್ಷದವಳಿಂದ ಮುಂದಿನ ಮೂವತ್ತು ವರ್ಷದ ರಾತ್ರಿಗಳನ್ನು ಬರೆಸಿಕೊಳ್ಳಬಹುದಾದರೆ ಕೇಳಲೂಬಹುದು.

ಅವಳಿಗೆ ನನ್ನ ಡಬ್ಬಿ ತೆರೆದು ತೋರಿಸಿದೆ. ಹೇಗೆ ತೊಳೆಯುವುದು, ಬಿಟ್ಟರೆ ಏನಾಗುತ್ತದೆ, ಎಷ್ಟು ದಿನ ಎಂಬುದನ್ನೆಲ್ಲ ಇಲ್ಲಿ ಬರೆದಷ್ಟೇ ಹೇಳಿದೆ. ಹಲ್ಲು ಕೀಳಿಸಬೇಕಾಗಬಹುದು ಎಂಬುದನ್ನೂ. ಅವಳು ಮೂಗು ಮುಚ್ಚಿಕೊಂಡು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. ‘ದಿನಾ ಹಾಕ್ಕೊಳ್ಳೇಬೇಕಾ ಅಕ್ಕ? ಮದ್ವೆ ಆದ್ಮೇಲೂ?’ ಎಂದಳು. ಹೂಂ ಎಂದೆ. ಇನ್ನೂ ಹೇಳಿಲ್ಲ ಅವಳು, ಯೋಚಿಸುತ್ತಿದ್ದಾಳಂತೆ. ಡಾಕ್ಟರ ಹತ್ತಿರ ತೆಗೆದುಕೊಂಡ ಅಪಾಯಿಂಟ್‌ಮೆಂಟನ್ನು ಎರಡು ಸಲ ಮುಂದಕ್ಕೆ ಹಾಕಿದ್ದಾರೆ. ಚಿಕ್ಕಮ್ಮನಿಗೆ ನನ್ನ ಮೇಲೆ ಸ್ವಲ್ಪ ಸಿಟ್ಟಿದೆ.